ಗಾಜಿನ ಬಟ್ಟಲಲ್ಲಿ ಪಿಂಗಾರ

ಕುದ್ರೋಳಿಯ ಪೂವಪ್ಪನ ಮನೆಯಲ್ಲಿ ಹೂ ಕಟ್ಟುವುದನ್ನು ಯಾರೂ ಯಾರಿಗೂ ಕಲಿಸಿದ್ದಿಲ್ಲ. ಮಕ್ಕಳು ಅಂಬೆಗಾಲಿಡುತ್ತ ಬಂದು ಮಲ್ಲಿಗೆಯ ರಾಶಿಯ ಪಕ್ಕ ಕೂರುತ್ತಿದ್ದವು, ನೆನೆಹಾಕಿದ ಬಾಳೆ ನಾರನ್ನು ಬಾಯಿಗೆ ತುರುಕಿಕೊಂಡು ಬೈಸಿಕೊಳ್ಳುತ್ತಿದ್ದವು, ಎಂಟು ವರ್ಷ ತುಂಬುವಷ್ಟರಲ್ಲಿ ದೊಡ್ಡವರ ಸಮಕ್ಕೆ ಮಾಲೆ ಕಟ್ಟುತ್ತಿದ್ದವು. ಅಂಥ ಮನೆಯ ಮಗಳು ಹೂವಿನ ಕೆಲಸ ಕಲಿಯಲು ಬೆಂಗಳೂರಿಗೆ ಹೋಗುತ್ತೇನೆಂದರೆ ಯಾರಿಗೆ ತಾನೇ ನಗು ಬಾರದು? ಮೊದಲು ಎಲ್ಲರೂ ನಕ್ಕರು. ನಗು ಮುಗಿದ ಮೇಲೆ ಜಗಳ ಶುರುವಾಯಿತು.

ಅದು ಎಂಬತ್ತಮೂರನೇ ಇಸವಿಯ ಮಾರ್ಚ್ ತಿಂಗಳು. ಮಧ್ಯಾಹ್ನದ ಊಟಕ್ಕೆ ಎಲ್ಲರೂ ಅಡುಗೆಮನೆಯ ನೆಲದ ಮೇಲೆ ಕೂತಿದ್ದರು. ಕಿನ್ನಿ ಗಂಡನ ಬಟ್ಟಲಿಗೆ ಅನ್ನ ಹಾಕಿ, ಮಗ ಮೋಹನದಾಸನಿಗೆ ಬಸಳೆ ಸಾರು ಬಡಿಸಿ, ಅತ್ತೆ ದೇಯಿಗೆ ಮೆತ್ತಗೆ ಕಿವುಚಿದ ಅನ್ನ ಕೊಟ್ಟಾಗಿತ್ತು. ಮಗಳು ವಾರಿಜ ಮಾತ್ರ ಊಟಕ್ಕೆ ಕೈ ಹಾಕದೆ, ಮಡಚಿದ ಕಾಗದವೊಂದನ್ನು ಹಿಡಿದುಕೊಂಡು ಕೂತಿದ್ದಳು.

"ಎಂತ ಅದು?" ಎಂದ ಪೂವಪ್ಪ.

"ಫಾರ್ಮ್, ಅಪ್ಪ. ನಿಮ್ಮ ಸೈ ಬೇಕು. ಬೆಂಗಳೂರಿನಲ್ಲಿ ಮೂರು ತಿಂಗಳ ಕೋರ್ಸ್ ಉಂಟು, ಹೂವಿನ ಅಲಂಕಾರದ್ದು. ಜೂನಿಗೆ ಶುರು."

ದೇಯಿಗೆ ಕಣ್ಣು ಮಂಜಾಗಿ ವರ್ಷ ಮೂರಾಗಿತ್ತು. ಆದರೆ ಕಿವಿ ಎರಡೂ ಚುರುಕಾಗಿದ್ದವು. "ಬೆಂಗಳೂರಿನವರಿಗೆ ಹೂ ಕಟ್ಲಿಕ್ಕೆ ಬರುವುದಿಲ್ಲಾಂತ ನಿನ್ನನ್ನು ಕರೀತಾರಾ?" ಎಂದಳು.

"ಕಟ್ಟುವುದಲ್ಲ ಅಜ್ಜಿ, ಜೋಡಿಸುವುದು."

"ಜೋಡಿಸುವುದಾ? ಚಪ್ಪಲಿ ಜೋಡಿಸಿದ ಹಾಗೆ?"

ಮೋಹನದಾಸ ನಕ್ಕು ಅನ್ನ ನೆತ್ತಿಗೇರಿಸಿಕೊಂಡ. ಪೂವಪ್ಪನೂ ನಕ್ಕ. ಕಿನ್ನಿಗೂ ನಗು ಬಂತು, ಆದರೆ ಮಗಳ ಮುಖ ನೋಡಿ ನುಂಗಿಕೊಂಡಳು. ವಾರಿಜ ಆರು ತಿಂಗಳಿಂದ ವಾರಕ್ಕೆರಡು ಸಲ ಬಲ್ಮಠದ ಬೆನಿಟಾ ಬಾಯಿಯ ಮನೆಗೆ ಹೋಗಿ ಇಗರ್ಜಿಯ, ಎಂದರೆ ಚರ್ಚಿನ ಅಲಂಕಾರ, ಮದುಮಗಳ ಹೂಗುಚ್ಛ, ಕಾರಿನ ಸಿಂಗಾರ ಎಲ್ಲ ಕಲಿಯುತ್ತಿದ್ದಳು. ಹುಡುಗಿಗೊಂದು ಹೊತ್ತು ಹೋಗಲಿ ಎಂದು ಮನೆಯವರು ಬಿಟ್ಟಿದ್ದರು.

"ಬಲ್ಮಠದಲ್ಲಿ ಹೊಸ ಹೋಟೆಲು ಆಗ್ತಾ ಉಂಟಲ್ಲ, ಚಿತ್ತರಂಜನ ಶೆಟ್ರದ್ದು," ಎಂದಳು ವಾರಿಜ. "ಸರ್ಟಿಫಿಕೇಟು ತಂದ್ರೆ ಕೆಲಸ ಖಾಯಂ ಅಂತ ಅವರೇ ಹೇಳಿದ್ದಾರೆ. ದಿನಾ ಬಾಗಿಲಲ್ಲಿ, ಮೇಜಿನ ಮೇಲೆ, ಮದುವೆ ಹಾಲಿನಲ್ಲಿ ಹೂ ಇಡುವ ಕೆಲಸ."

"ಇಲ್ಲಿ ಮಾಲೆ ಕಟ್ಟುವವರು ಯಾರು?" ಮೋಹನದಾಸ ಕೆಮ್ಮು ಮುಗಿಸಿ ಕೇಳಿದ. "ಅಜ್ಜಿಗೆ ಕಣ್ಣಿಲ್ಲ, ಅಮ್ಮ ಒಬ್ಬಳೇ. ನನಗೆ ವೀಸಾ ಬಂದ್ರೆ ನಾನೂ ಇಲ್ಲ."

"ನೀನು ದುಬೈಗೆ ಹೋಗಬಹುದು, ನಾನು ಬೆಂಗಳೂರಿಗೆ ಹೋಗಬಾರದಾ?"

"ಗಂಡಸರ ಮಾತು ಬೇರೆ ಮಾರಾಯ್ತಿ."

"ಎಂತ ಬೇರೆ? ನಿನಗೆ ಒಂದು ಮೊಳ ನೆಟ್ಟಗೆ ಕಟ್ಲಿಕ್ಕೆ ಬರುವುದಿಲ್ಲ. ಅದೊಂದೇ ಬೇರೆ."

"ಸಾಕು!" ಎಂದು ಪೂವಪ್ಪ ಬಟ್ಟಲನ್ನು ಸರಿಸಿದ. ಫಾರ್ಮನ್ನು ಕೈಗೆತ್ತಿಕೊಳ್ಳಲಿಲ್ಲ. "ನೋಡುವ," ಎಂದಷ್ಟೇ ಹೇಳಿ ಕೈ ತೊಳೆಯಲು ಎದ್ದ.

ಪೂವಪ್ಪನ 'ನೋಡುವ' ಎಂಬ ಮಾತಿಗೆ ಆ ಮನೆಯಲ್ಲಿ ತೂಕವಿತ್ತು. ಮಾರ್ಕೆಟ್ಟಿನ ಎದುರಿನ ಅವನ ಹೂವಿನ ಅಂಗಡಿ ಚಿಕ್ಕದು. ಬೆಳಿಗ್ಗೆ ಮೊದಲ ಬಸ್ಸಿನಲ್ಲಿ ಶಂಕರಪುರದಿಂದ ಬರುವ ಮಲ್ಲಿಗೆಯನ್ನು ಇಳಿಸಿಕೊಳ್ಳುವಾಗ ಅವನೂ ಹತ್ತರಲ್ಲಿ ಒಬ್ಬ. ಆದರೆ ಸಂಕ್ರಮಣದ ದಿನ ಗರೊಡಿಯಲ್ಲಿ, ಎಂದರೆ ದೈವದ ಗುಡಿಯಲ್ಲಿ, ಅವನು ಹತ್ತರಲ್ಲಿ ಒಬ್ಬನಲ್ಲ. ಅಲ್ಲಿ ಅವನು ದರ್ಶನದ ಪಾತ್ರಿ. ಅಡಿಕೆ ಮರದ ಎಳೆ ಹಾಳೆಯನ್ನು ಸೀಳಿದಾಗ ಒಳಗಿಂದ ಬರುವ ಹಾಲುಬಣ್ಣದ ಹೂಗೊಂಚಲಿಗೆ ಪಿಂಗಾರ ಎನ್ನುತ್ತಾರೆ. ಆ ಪಿಂಗಾರ ಕೈಗೆ ಬಂದರೆ ಅವನ ಮೈಮೇಲೆ ದೈವ ಬರುತ್ತಿತ್ತು, ದೊಡ್ಡ ದೊಡ್ಡವರು ಕೈಮುಗಿದು ನಿಲ್ಲುತ್ತಿದ್ದರು. ಬೀದಿಯಲ್ಲಿ ಎದುರಾದವರು ಅವನನ್ನು ಪೂವಪ್ಪ ಎನ್ನುತ್ತಿರಲಿಲ್ಲ, 'ಪಾತ್ರಿಯವರೇ' ಎನ್ನುತ್ತಿದ್ದರು.

ದರ್ಶನ ಮುಗಿದ ಮೇಲಿನ ಪೂವಪ್ಪನನ್ನು ಮಾತ್ರ ಊರು ನೋಡಿರಲಿಲ್ಲ, ಕಿನ್ನಿ ನೋಡಿದ್ದಳು. ಮನೆಗೆ ಬಂದವನ ಬೆರಳುಗಳು ಮರದಂತೆ ಸೆಟೆದು ನಿಂತಿರುತ್ತಿದ್ದವು, ಸಂಜೆಯವರೆಗೂ ಮಡಚಲು ಬರುತ್ತಿರಲಿಲ್ಲ. ಒಳಕೋಣೆಯ ಬಾಗಿಲು ಮುಚ್ಚಿ, ಅವಳೇ ಗಂಜಿ ಕಲಸಿ ಚಮಚದಲ್ಲಿ ಕುಡಿಸುತ್ತಿದ್ದಳು. ಮಕ್ಕಳಿಗೂ ಇದು ಗೊತ್ತಿರಲಿಲ್ಲ. "ಪಾತ್ರಿಗೆ ಊಟ ಮಾಡಿಸುವುದನ್ನು ಯಾರೂ ನೋಡಬಾರದು," ಎಂದು ಅವನೇ ಹೇಳಿದ್ದ. ಇಪ್ಪತ್ತೆರಡು ವರ್ಷಗಳಿಂದ ಹಾಗೆಯೇ ನಡೆದಿತ್ತು.

ಎರಡು ವಾರ ಮನೆಯಲ್ಲಿ ಮಾತೆಲ್ಲ ಮೊಟಕಾಯಿತು. ವಾರಿಜ ಬೆಳಗಿನ ಮಾಲೆ ಕಟ್ಟಿ ಎದ್ದುಹೋಗುವಳು. ಪೂವಪ್ಪ ಮಗಳನ್ನು ಬಿಟ್ಟು ಗೋಡೆಗೆ ಹೇಳುವಂತೆ ಕೆಲಸ ಹೇಳುವನು. ಕೊನೆಗೆ ಕಿನ್ನಿಯೇ ಒಂದು ಸಂಜೆ ಸೀರೆ ಬದಲಿಸಿ, ಇದೆಂಥ ವಿದ್ಯೆ ನೋಡಿಯೇ ಬರುತ್ತೇನೆಂದು ಮಗಳ ಜೊತೆ ಬಲ್ಮಠಕ್ಕೆ ಹೋದಳು.

ಬೆನಿಟಾ ಬಾಯಿ ಎತ್ತರದ, ಗಟ್ಟಿ ದನಿಯ ಹೆಂಗಸು. ಜಗಲಿಯಲ್ಲಿ ಉದ್ದ ಮೇಜು ಹಾಕಿ ಐದಾರು ಹುಡುಗಿಯರಿಗೆ ಕಲಿಸುತ್ತಿದ್ದಳು. ಸೀಸದ ತಟ್ಟೆಯೊಂದರಲ್ಲಿ ಒತ್ತಾಗಿ ಮೊಳೆಗಳು ನಿಂತಿದ್ದವು. ಅದರಲ್ಲಿ ವಾರಿಜ ಮೂರೇ ಮೂರು ದಂಟು ಚುಚ್ಚಿ ನಿಲ್ಲಿಸಿದಳು. ಒಂದು ಎತ್ತರ, ಒಂದು ಓರೆ, ಒಂದು ಗಿಡ್ಡ. ಆಮೇಲೆ ಕೈಕಟ್ಟಿ ನಿಂತಳು.

"ಉಳಿದದ್ದು?" ಎಂದಳು ಕಿನ್ನಿ.

"ಇಷ್ಟೇ ಅಮ್ಮ."

ಕಿನ್ನಿಯ ಬೆರಳು ತುರಿಸಿತು. ಹೂವಿಗೆ ಹೂ ತಾಗಿರಬೇಕು, ನಡುವೆ ನಾರು ಕಾಣಿಸಬಾರದು ಎಂದು ಕಲಿತ ಕೈ ಅದು. ಅಷ್ಟು ಜಾಗ ಖಾಲಿ ಬಿಟ್ಟರೆ ಅವಳ ಅತ್ತೆ ಬಿಚ್ಚಿಸಿ ಮತ್ತೆ ಕಟ್ಟಿಸುತ್ತಿದ್ದಳು. ಆದರೆ ಎರಡು ನಿಮಿಷ ನೋಡುತ್ತ ನಿಂತ ಮೇಲೆ ಆ ಖಾಲಿ ಜಾಗವೂ ಚೆನ್ನಾಗಿದೆ ಅನಿಸಿತು. ಹಾಗನಿಸಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು.

"ನಿಮ್ಮ ಮಗಳಿಗೆ ಕೈ ಉಂಟು, ಕಿನ್ನಿಯಕ್ಕ," ಎಂದಳು ಬೆನಿಟಾ ಬಾಯಿ. "ಕೈ ಇದ್ರೆ ಸಾಕಾಗುವುದಿಲ್ಲ, ಕಾಗದ ಬೇಕು. ಕಾಗದ ಇದ್ರೆ ಹೋಟೆಲು ಉಂಟು, ಇಗರ್ಜಿ ಮದುವೆ ಉಂಟು, ನಾಳೆ ಸ್ವಂತ ಅಂಗಡಿ ಇಡಬಹುದು, ಬೊಂಬಾಯಿಗೆ ಹೋಗಬಹುದು. ಏನೂ ಬೇಡ ಅಂದ್ರೆ ನನ್ನ ಹಾಗೆ ಕಲಿಸಿಯಾದ್ರೂ ಬದುಕಬಹುದು. ನಾನು ಗಂಡ ಹೋದ ಮೇಲೆ ಮೂರು ಮಕ್ಕಳನ್ನು ಸಾಕಿದ್ದು ಇದೇ ಕತ್ತರಿಯಲ್ಲಿ."

ಆ ಮಾತು ಕಿನ್ನಿಯ ಎದೆಗೆ ನಾಟಿತು. ಆ ರಾತ್ರಿಯ ಊಟದಲ್ಲಿ ಅವಳು ಗಂಡನಿಗೆ ನೇರವಾಗಿ ಹೇಳಿದಳು: "ಹುಡುಗಿ ಹೋಗಲಿ. ಮಾಲೆ ನಾನು ಕಟ್ತೇನೆ."

ಪೂವಪ್ಪ ಬಾಯಲ್ಲಿದ್ದ ತುತ್ತು ನುಂಗಿ ಹೇಳಿದ. "ಏಪ್ರಿಲ್ ಕೊನೆಗೆ ಶೆಟ್ರ ಹೋಟೆಲಿನ ಉದ್ಘಾಟನೆ ಉಂಟು. ಸ್ಟೇಜಿಗೆ ನಾಲ್ಕು ಅಟ್ಟೆ ಮಲ್ಲಿಗೆ ಬೇಕೂಂತ ನನಗೇ ಹೇಳಿದ್ದಾರೆ. ಅಲಂಕಾರ ಇವಳೇ ಮಾಡಲಿ. ನೋಡ್ತೇನೆ, ನೋಡಿ ಸೈ ಹಾಕ್ತೇನೆ." ಮಿಶನ್ ಶಾಲೆಯಲ್ಲಿ ಐದನೇ ಕ್ಲಾಸು ಓದಿದ್ದ ಪೂವಪ್ಪನಿಗೆ ತನ್ನ ಸೈಯ ಮೇಲೆ ಸಣ್ಣ ಹೆಮ್ಮೆಯಿತ್ತು. ಕೊನೆಯ ಅಕ್ಷರದ ಬಾಲವನ್ನು ಎಳೆದು ಅಡಿಗೆರೆ ಹಾಕುತ್ತಿದ್ದ.

ಸ್ಟೇಜಿನ ತುಂಬ ತನ್ನ ಮಲ್ಲಿಗೆ, ಅದರ ನಡುವೆ ತನ್ನ ಮಗಳು. ಅವನು ಕಣ್ಣೆದುರು ಕಂಡುಕೊಂಡದ್ದು ಇದನ್ನು. ಒಂದು ಅಟ್ಟೆಗೆ ಮೂರು ಸಾವಿರಕ್ಕೂ ಮೇಲೆ ಹೂ, ಹಿಂದಿನ ದಿನ ಇಡೀ ಮನೆ ಕೂತು ಕಟ್ಟಿತು. ದೇಯಿ ಕೂಡ ಬೆರಳಿನಲ್ಲೇ ತಡವಿ ಎರಡು ಮಾಲೆ ಕಟ್ಟಿದಳು.

ಉದ್ಘಾಟನೆಯ ಬೆಳಿಗ್ಗೆ ವಾರಿಜ ಆರು ಗಂಟೆಗೇ ಹೋಟೆಲಿನಲ್ಲಿದ್ದಳು. ಬಾಗಿಲಿನ ಬಳಿಯ ದೊಡ್ಡ ಗಾಜಿನ ಬಟ್ಟಲಿಗೆ ಬೆಂಗಳೂರಿನಿಂದ ಬಸ್ಸಿನಲ್ಲಿ ಬರಬೇಕಾಗಿದ್ದ ಉದ್ದ ದಂಟಿನ ಹೂಗಳು ಬಾಡಿ ಬಾಗಿ ಬಂದಿದ್ದವು. ಹುಡುಗಿ ಅಪ್ಪನ ಅಂಗಡಿಗೆ ಓಡಿದಳು. ಅಲ್ಲಿ ಪೂಜೆಗೆಂದು ಯಾರೋ ಹೇಳಿಟ್ಟ ಹತ್ತು ಪಿಂಗಾರ ನೀರು ಚಿಮುಕಿಸಿ ಇಟ್ಟಿತ್ತು. ಅಪ್ಪ ಇರಲಿಲ್ಲ, ಅಣ್ಣನಿದ್ದ.

"ಇದನ್ನು ಕೊಡು."

"ಎಂತಕ್ಕೆ?"

"ಕೊಡು ಮಾರಾಯ, ಹೊತ್ತಿಲ್ಲ."

ಮೋಹನದಾಸ ಕೊಟ್ಟ. ಎಳೆ ಹಾಲಿನ ಬಣ್ಣ, ಜೋಲುವ ಎಳೆಗಳು, ಬೇಕಾದಷ್ಟು ಎತ್ತರ. ಆರು ತಿಂಗಳು ಆಕಾರವನ್ನೇ ನೋಡಲು ಕಲಿತ ಹುಡುಗಿಯ ಕಣ್ಣಿಗೆ ಕಂಡದ್ದು ಅಷ್ಟೇ. ಹುಟ್ಟಿದಂದಿನಿಂದ ಅಪ್ಪನ ಕೈಯಲ್ಲಿ ಕಂಡ ಹೂ ಅದೆಂಬುದು ಆ ಗಡಿಬಿಡಿಯಲ್ಲಿ ಅವಳಿಗೆ ಹೊಳೆಯಲೇ ಇಲ್ಲ.

ಹತ್ತು ಗಂಟೆಗೆ ಪೂವಪ್ಪ ಮತ್ತು ಕಿನ್ನಿ ಉಳಿದ ಮಾಲೆಗಳ ಬುಟ್ಟಿ ಹೊತ್ತು ಬಂದರು. ಬಾಗಿಲಿನ ಕಾವಲಿನವನು ಅವರನ್ನು ತಡೆದು ಹಿಂದಿನಿಂದ ಬರಲು ಹೇಳಿದ. ಅಡುಗೆಮನೆಯ ದಾರಿಯಲ್ಲಿ ನಡೆಯುವಾಗ, ಮುಂಜಾನೆ ಕಳಿಸಿದ ಮಲ್ಲಿಗೆ ಒದ್ದೆ ಗೋಣಿಯಲ್ಲಿ ಸುತ್ತಿದ ಹಾಗೇ ಬಿದ್ದಿದ್ದು ಕಿನ್ನಿಗೆ ಕಂಡಿತು. ಪೂವಪ್ಪನಿಗೂ ಕಂಡಿತು. ಒಳಗೆ ಸ್ಟೇಜಿನ ಮೇಲೆ ಎರಡು ಕಡೆ ಎರಡು ಗುಂಪು ಹೂ, ನಡುವೆ ಎಲ್ಲ ಖಾಲಿ.

"ನಮ್ಮ ಮಲ್ಲಿಗೆ ಎಲ್ಲಿ?" ಎಂದ ಪೂವಪ್ಪ ಮಗಳಿಗೆ.

"ಎರಡು ಮಾಲೆ ದೀಪಕ್ಕೆ ಹಾಕಿದ್ದೇನೆ ಅಪ್ಪ. ಉಳಿದದ್ದು ಹಾಕಿದ್ರೆ ತುಂಬಾ ಒತ್ತಾಗ್ತದೆ. ಬಂದ ಹೆಂಗಸರಿಗೆ ಮುಡಿಲಿಕ್ಕೆ ಕೊಡುವ ಅಂತ..."

ಅಷ್ಟರಲ್ಲಿ ಚಿತ್ತರಂಜನ ಶೆಟ್ರು ಬಂದರು. "ಪೂವಪ್ಪಣ್ಣ, ನಿಮ್ಮ ಮಗಳು ಭಾರೀ ಹುಷಾರು! ಬನ್ನಿ, ಬಾಗಿಲಲ್ಲಿ ಎಂತ ಮಾಡಿದ್ದಾಳೆ ನೋಡಿ," ಎಂದು ಭುಜ ಹಿಡಿದು ಕರೆದುಕೊಂಡು ಹೋದರು.

ಗಾಜಿನ ಬಟ್ಟಲಿನಲ್ಲಿ ಹತ್ತು ಪಿಂಗಾರ ನಿಂತಿತ್ತು. ಫೋಟೋದವನೊಬ್ಬ ಅದರ ಎಳೆಗಳನ್ನು ಬೆರಳಿನಲ್ಲಿ ನೇವರಿಸಿ ಸರಿಮಾಡುತ್ತಿದ್ದ. ಸೂಟು ಹಾಕಿದ ಅತಿಥಿಯೊಬ್ಬ ಮಾತಾಡುತ್ತ ಮಾತಾಡುತ್ತ ಸಿಗರೇಟಿನ ಬೂದಿಯನ್ನು ಬಟ್ಟಲಿನ ನೀರಿಗೆ ಕೊಡವಿದ.

ಪೂವಪ್ಪನ ಕತ್ತಿನ ನರ ಉಬ್ಬಿತು. ಮೈ ನಡುಗತೊಡಗಿತು. ಕೈಯಲ್ಲಿದ್ದ ಬುಟ್ಟಿ ಬಿತ್ತು. ಅವನು ಎರಡೇ ಹೆಜ್ಜೆಗೆ ಬಟ್ಟಲಿನ ಬಳಿ ಹೋಗಿ ಪಿಂಗಾರವನ್ನು ಎರಡೂ ಕೈಯಲ್ಲಿ ಬಾಚಿ ಎದೆಗೊತ್ತಿಕೊಂಡ. ಗಾಜು ಉರುಳಿ ಒಡೆಯಿತು. ಗರೊಡಿಯಲ್ಲಿ ಕೇಳುವ ಅದೇ ಗಡಸು ಕೂಗು ಹೋಟೆಲಿನ ತುಂಬ ಮೊಳಗಿತು.

"ನನ್ನ ಹೂವನ್ನು ನೋಟಕ್ಕೆ ಇಟ್ಟವಳು ಈ ಸೀಮೆ ದಾಟಬಾರದು! ದಾಟಿದರೆ ಅವಳ ಹಿಂದೆ ನಾನಿಲ್ಲ!"

ಶೆಟ್ರು ಚಪ್ಪಲಿ ಕಳಚಿ, ಕೈಮುಗಿದು ನಿಂತರು. "ತಪ್ಪಾಯ್ತು, ತಪ್ಪಾಯ್ತು," ಎಂದರು. ವಾರಿಜ ಒಡೆದ ಗಾಜಿನ ನಡುವೆ ಕುಸಿದು ಕೂತಳು. 

ಮನೆಗೆ ಬಂದಾಗ ಒಂದೂವರೆ ಗಂಟೆ. ವಾರಿಜ ಕೋಣೆಯ ಮೂಲೆಯಲ್ಲಿ ಮುಖ ತಿರುಗಿಸಿ ಮಲಗಿದಳು. ಮೋಹನದಾಸ ಅಂಗಡಿಯಿಂದ ಬಂದಿರಲಿಲ್ಲ. ದೇಯಿ ದೇವರ ಕೋಣೆಯಲ್ಲಿ ಹರಕೆ ಕಟ್ಟುತ್ತಿದ್ದಳು. ಕಿನ್ನಿ ಎಂದಿನಂತೆ ಒಳಕೋಣೆಯಲ್ಲಿ ಚಾಪೆ ಹಾಸಿ ಗಂಜಿ, ಚಮಚ ತಂದಿಟ್ಟಳು. ಪೂವಪ್ಪ ಒಳಕೋಣೆಗೆ ಹೋಗಲಿಲ್ಲ. ಅಡುಗೆಮನೆಗೇ ಬಂದು ಕೂತ.

"ಅನ್ನ ಇಲ್ವಾ?"

ಬೆಳಿಗ್ಗೆ ಮಾಡಿಟ್ಟ ಬೂತಾಯಿ ಮೀನಿನ ಸಾರಿತ್ತು. ದರ್ಶನದ ದಿನ ಮೀನು ಮುಟ್ಟದ ಗಂಡಸು ಇವತ್ತು ಕೇಳಿದ್ದರಿಂದ ಬಡಿಸಿದಳು. ಅವನು ತಲೆ ತಗ್ಗಿಸಿ ಉಣ್ಣತೊಡಗಿದ. ಹೆಬ್ಬೆರಳು, ತೋರುಬೆರಳು ಕೂಡಿಸಿ ಮೀನಿನ ಬೆನ್ನನ್ನು ಬಿಡಿಸಿದ, ನಡು ಮುಳ್ಳನ್ನು ಇಡಿಯಾಗಿ ಎತ್ತಿದ, ಕೂದಲಿನಷ್ಟು ಸಣ್ಣ ಮುಳ್ಳುಗಳನ್ನು ಒಂದೊಂದಾಗಿ ಹೆಕ್ಕಿ ಬಟ್ಟಲಿನ ಅಂಚಿಗೆ ಸಾಲಾಗಿ ಇಟ್ಟ. ಕಿನ್ನಿಯ ಕೈಯಲ್ಲಿ ಸೌಟು ಹಾಗೇ ನಿಂತಿತು.

ಪೂವಪ್ಪ ತಲೆಯೆತ್ತಿದ. ಅವಳು ತನ್ನ ಬೆರಳನ್ನೇ ನೋಡುತ್ತಿರುವುದನ್ನು ಕಂಡ. ಕೈ ಮೆಲ್ಲಗೆ ಬಟ್ಟಲಿನಿಂದ ಹಿಂದಕ್ಕೆ ಬಂತು. 

ಆಮೇಲಿನ ಎರಡು ವಾರ ಕಿನ್ನಿ ನೋಡಿದ್ದು ಬೇರೆಯೇ ವಾರಿಜಳನ್ನು. ಜಗಳ ಮಾಡುವ ಮಗಳಾಗಿದ್ದರೆ ತಾಯಿಗೆ ನೆಮ್ಮದಿಯಿರುತ್ತಿತ್ತು. ಇವಳು ಜಗಳ ಮಾಡಲಿಲ್ಲ. ನಸುಕಿಗೆ ಎದ್ದು, ಹೇಳಿದಷ್ಟು ಮಾಲೆ ಕಟ್ಟಿ, ಹಾಕಿದಷ್ಟು ಉಂಡು, ಸಂಜೆ ದೇವರ ದೀಪದ ಮುಂದೆ ಕೂತು ಬಿಡುತ್ತಿದ್ದಳು. ಫಾರ್ಮನ್ನು ಒಲೆಯ ಬಳಿ ಎಸೆದಿದ್ದಳು. ಬೆನಿಟಾ ಬಾಯಿ ಕೊಟ್ಟ ಕತ್ತರಿಯನ್ನು ಸಗಣಿ ಗುಂಡಿಗೆ ಹಾಕಿದ್ದಳು. ಎರಡನ್ನೂ ಕಿನ್ನಿ ಎತ್ತಿ, ಒರೆಸಿ, ಅಕ್ಕಿ ಡಬ್ಬಿಯ ಅಡಿಯಲ್ಲಿ ಇಟ್ಟಳು.

ಒಂದು ದಿನ ಬೆನಿಟಾ ಬಾಯಿಯೇ ಕುದ್ರೋಳಿಗೆ ಬಂದಳು. ವಾರಿಜ ಹೊರಗೆ ಬರಲಿಲ್ಲ. ಬಾಗಿಲಿನ ಹಿಂದಿನಿಂದಲೇ, "ಬೇಡ ಬಾಯಿ. ಅಪ್ಪಣೆ ಇಲ್ಲ," ಎಂದಳು.

"ಯಾರ ಅಪ್ಪಣೆ?"

"ದೈವದ್ದು."

ಬೆನಿಟಾ ಬಾಯಿ ಕಿನ್ನಿಯ ಮುಖ ನೋಡಿದಳು. "ನಿಮ್ಮ ನಂಬಿಕೆಗೆ ನಾನು ಅಡ್ಡ ಮಾತಾಡುವುದಿಲ್ಲ ಕಿನ್ನಿಯಕ್ಕ. ಫಾರ್ಮ್ ಬೆಂಗಳೂರು ಮುಟ್ಟಬೇಕಾದ್ದು ಮೇ ಇಪ್ಪತ್ತಕ್ಕೆ. ಶೆಟ್ರಲ್ಲಿ ನಾನು ಕೇಳಿದೆ. ದೈವ ಒಪ್ಪಿದ್ರೆ ತನಗೂ ಅಡ್ಡಿಯಿಲ್ಲ, ಇಲ್ಲದಿದ್ರೆ ತನ್ನ ಹೋಟೆಲಿಗೆ ಅವಳನ್ನು ತಗೊಳ್ಳುವ ಧೈರ್ಯ ಇಲ್ಲ ಅಂದ್ರು," ಎಂದು ಹೇಳಿ ಹೋದಳು.

 ಗಂಡ ಬೇಡವೆಂದು ಹೇಳಿದ್ದರೆ ಅದು ಗಂಡನ ಮಾತು. ಅದಕ್ಕೆ ಎದುರಾಡಬಹುದು, ಅಳಬಹುದು, ಎರಡು ದಿನ ಉಪವಾಸ ಕೂರಬಹುದು. ಇದಕ್ಕೆ ಹುಡುಗಿ ಎದುರಾಡುವುದಾದರೂ ಹೇಗೆ?

ಪೂವಪ್ಪ ಬಾವಿಕಟ್ಟೆಯ ಬಳಿ ಬಾಳೆ ನಾರು ಸೀಳುತ್ತಿದ್ದ. ಅವಳು ಕೊಡಪಾನ ಕೆಳಗಿಟ್ಟು ಎದುರು ನಿಂತಳು.

"ಆ ದಿನ ನೀವು ಮೀನಿನ ಮುಳ್ಳು ಹೆಕ್ಕಿದ್ರಿ."

ಪೂವಪ್ಪನ ಕೈ ನಿಂತಿತು. "ಹೆಕ್ಕಿದ್ರೆ?"

"ಇಪ್ಪತ್ತೆರಡು ವರ್ಷ ನಾನು ಗಂಜಿ ಕುಡಿಸಿದ್ದೇನೆ ನಿಮಗೆ. ನನಗೆ ಗೊತ್ತಿಲ್ವಾ?"

"ಎಂತ ಗೊತ್ತು ನಿನಗೆ? ನಾಲಗೆ ಬಿದ್ದುಹೋದೀತು! ಹೆಂಗಸು ಆಡುವ ಮಾತಾ ಇದು?"

"ನನ್ನ ನಾಲಗೆ ಬಿದ್ರೆ ಬೀಳಲಿ. ಹುಡುಗಿಯ ಬದುಕು ಬಿದ್ದು ಹೋಗ್ತಾ ಉಂಟಲ್ಲ! ಅವಳು ನಂಬಿದ್ದಾಳೆ. ನಿಮ್ಮನ್ನು ಅಲ್ಲ, ದೈವವನ್ನು. ನಿಮಗೆ ಬೇಡದಿದ್ರೆ ನೀವು ಬೇಡ ಅನ್ನಬೇಕಿತ್ತು."

"ನಾಲ್ಕು ಅಟ್ಟೆ ಮಲ್ಲಿಗೆ ಗೋಣಿಯಲ್ಲಿ ಬಿದ್ದಿತ್ತು ಕಿನ್ನಿ! ಅಮ್ಮ ಕಣ್ಣಿಲ್ಲದೆ ಕಟ್ಟಿದ್ದು! ನನ್ನನ್ನು ಅಡುಗೆಮನೆ ದಾರಿಯಲ್ಲಿ ಕರೆದ್ರು. ಆ ಹೂವಿಗೆ ಸಿಗರೇಟಿನ ಬೂದಿ..." ಎಂದ ಅವನು. "ನನ್ನ ಮೈ ನಡುಗಿದ್ದು ಸುಳ್ಳಲ್ಲ."

"ನಡುಕ ಸುಳ್ಳು ಅಂತ ನಾನು ಹೇಳ್ಲಿಲ್ಲ. ಮಾತು ಯಾರದ್ದು?"

ಪೂವಪ್ಪ ನಾರಿನ ಕಟ್ಟನ್ನು ಕಲ್ಲಿನ ಮೇಲೆ ಬೀಸಿ ಒಗೆದು ಎದ್ದು ಹೋದ. ಆ ದಿನದಿಂದ ಗಂಡ ಹೆಂಡತಿಯ ನಡುವೆ ಮಾತು ನಿಂತಿತು. ಅವಳು ಬಡಿಸುವಳು, ಅವನು ಉಣ್ಣುವನು. ಮೀನು ಬೇಡವೆಂದು ಬಟ್ಟಲು ಸರಿಸಿಬಿಡುವನು. ದೇಯಿ, "ಈ ಮನೆಯಲ್ಲಿ ಎಲ್ಲರಿಗೂ ಬಾಯಿ ಹೋಗಿದೆಯಾ? ನನಗೆ ಕಣ್ಣು ಹೋದದ್ದೇ ವಾಸಿ," ಎಂದು ಗೊಣಗುವಳು.

ಮೇ ತಿಂಗಳ ಸಂಕ್ರಮಣ ಬಂತು. ಬೆಳಿಗ್ಗೆ ಮಿಂದು, ಒಗೆದ ಬಿಳಿ ಸೀರೆಯುಟ್ಟು, ಇನ್ನೂ ಬಿಡಿಸದ ಪಿಂಗಾರದ ಹಾಳೆಯನ್ನು ಹರಿವಾಣದಲ್ಲಿಟ್ಟು ಗಂಡನ ಕೈಗೆ ಕೊಡುವುದು ಕಿನ್ನಿಯ ಪಾಲಿನ ಕೆಲಸ. ಅವನು ಅಂಗಳದಲ್ಲಿ ಒದ್ದೆ ಕೂದಲಿನಲ್ಲಿ ಕಾಯುತ್ತಿದ್ದ. ಅವಳು ಹರಿವಾಣವನ್ನು ಕೊಟ್ಟಳು, ಆದರೆ ಅಂಚನ್ನು ಬಿಡಲಿಲ್ಲ.

"ಇವತ್ತು ಇದನ್ನು ಹಿಡಿದು ದೈವದ ಎದುರು ನಿಂತು ಅದೇ ಮಾತು ಇನ್ನೊಮ್ಮೆ ಹೇಳಿ. ಹೇಳಿದ್ರೆ ನಾನೂ ನಂಬ್ತೇನೆ. ಸಾಯುವವರೆಗೆ ಆ ವಿಷಯ ಎತ್ತುವುದಿಲ್ಲ. ಹುಡುಗಿಯ ಫಾರ್ಮನ್ನು ನಾನೇ ಒಲೆಗೆ ಹಾಕ್ತೇನೆ."

ಪೂವಪ್ಪ ಅವಳ ಕಣ್ಣು ನೋಡಲಿಲ್ಲ. ಹರಿವಾಣ ಎಳೆದುಕೊಂಡು ನಡೆದ. ಕಿನ್ನಿ ಹಿಂದೆ ನಡೆದಳು. ಅವಳ ಹಿಂದೆ ವಾರಿಜ, ದೇಯಿಯ ಕೈ ಹಿಡಿದುಕೊಂಡು.

ಗರೊಡಿಯ ಅಂಗಳದಲ್ಲಿ ಐವತ್ತು ಅರವತ್ತು ಜನ ಸೇರಿದ್ದರು. ಚಿತ್ತರಂಜನ ಶೆಟ್ರೂ ತಪ್ಪುಕಾಣಿಕೆ ಹಿಡಿದುಕೊಂಡು ಬಂದಿದ್ದರು. ಪೂಜೆಯಾಯಿತು. ಗುರಿಕಾರರು, ಎಂದರೆ ಗರೊಡಿಯ ಹಿರಿಯರು, ಹಾಳೆ ಸೀಳಿ ಪಿಂಗಾರವನ್ನು ಬಿಡಿಸಿದರು. ಅದರ ಹಸಿ ವಾಸನೆ ಅಂಗಳಕ್ಕೆಲ್ಲ ಬಂತು. ಗುರಿಕಾರರು ಅದನ್ನು ಪೂವಪ್ಪನ ಕೈಗೆ ಚಾಚಿದರು. ಚೆಂಡೆಯವನು ಕೋಲೆತ್ತಿದ.

ಪೂವಪ್ಪ ಕೈ ಚಾಚಲಿಲ್ಲ.

 ಕಿನ್ನಿಗೆ ಅವನು ಆ ಮಾತನ್ನೇ ಮತ್ತೆ ಹೇಳಿಬಿಟ್ಟರೆ ಎಂಬ ಹೆದರಿಕೆ ಒಂದು ಕಡೆ, ಹೇಳದಿದ್ದರೆ ಅವನ ಗತಿ ಏನೆಂಬ ಹೆದರಿಕೆ ಇನ್ನೊಂದು ಕಡೆ. ಬೆಳಿಗ್ಗೆ ಅಷ್ಟು ಗಟ್ಟಿಯಾಗಿ ಮಾತಾಡಿದವಳಿಗೆ ಈಗ ಓಡಿಹೋಗಿ ಅವನನ್ನು ಮನೆಗೆ ಕರೆದುಕೊಂಡು ಹೋಗಬೇಕೆನಿಸಿತು.

"ತಗೊಳ್ಳಿ ಪಾತ್ರಿಯವರೇ," ಎಂದರು ಗುರಿಕಾರರು.

"ಈ ಕೈಗೆ ಕೊಡಬೇಡಿ." ಪೂವಪ್ಪನ ಸ್ವರ ಸಣ್ಣದಿತ್ತು. ಹಿಂದಿದ್ದವರಿಗೆ ಕೇಳಿಸಲಿಲ್ಲ. ಅವನು ಗಂಟಲು ಸರಿಮಾಡಿಕೊಂಡು ಮತ್ತೆ ಹೇಳಿದ. "ಹೋಟೆಲಿನಲ್ಲಿ ಮಾತಾಡಿದ್ದು ದೈವ ಅಲ್ಲ. ನಾನು."

"ಎಂತ ಹೇಳ್ತಾ ಇದ್ದೀರಿ?"

"ಮಗಳ ಮೇಲೆ ಸಿಟ್ಟು ಬಂದಿತ್ತು. ನಡುಗಿದ್ದು ಸಿಟ್ಟಿಗೆ. ಆಮೇಲೆ ಬಾಯಿಯಿಂದ ಬಂದದ್ದು ನನ್ನದೇ ಮಾತು. ಬರುವಾಗಲೇ ನನಗೆ ಗೊತ್ತಿತ್ತು. ನಿಲ್ಲಿಸಲಿಲ್ಲ." ಅವನು ಶೆಟ್ರ ಕಡೆ ತಿರುಗಿದ. "ಶೆಟ್ರೇ, ನೀವು ಕೈಮುಗಿದದ್ದು ನನಗೆ. ಆ ಹೂವನ್ನು ಅಲ್ಲಿ ಇಟ್ಟದ್ದು ಹುಡುಗಿಯ ತಪ್ಪು, ಅದಕ್ಕೆ ತಪ್ಪುಕಾಣಿಕೆ ಹಾಕಿ, ನಾವೂ ಹಾಕ್ತೇವೆ. ಸೀಮೆ ದಾಟಬಾರದು ಅಂದದ್ದು ಮಾತ್ರ ನಾನು."

 ಗುರಿಕಾರರು ಪಿಂಗಾರವನ್ನು ಮೆಲ್ಲಗೆ ಹರಿವಾಣಕ್ಕೆ ಇಳಿಸಿದರು. ಅವರೂ ಪೂವಪ್ಪನೂ ಒಟ್ಟಿಗೆ ಆಡಿ ಬೆಳೆದವರು. ಅವರ ಕಣ್ಣು ತುಂಬಿತ್ತು.

"ಹೇಳಿದ್ದು ಒಳ್ಳೆಯದಾಯ್ತು ಪೂವಪ್ಪ," ಎಂದರು. "ಆದ್ರೆ ಇನ್ನು ಇದು ನಿನ್ನ ಕೈಗೆ ಇಲ್ಲ."

"ಗೊತ್ತು," ಎಂದ ಪೂವಪ್ಪ.

ಮನೆಗೆ ಹೋಗುವ ದಾರಿಯಲ್ಲಿ ಸೈಕಲ್ ಅಂಗಡಿಯ ಮುಂದೆ, ಹಿಟ್ಟಿನ ಗಿರಣಿಯ ಮುಂದೆ ಎಂದಿನ ಜನ ನಿಂತಿದ್ದರು. ಸುದ್ದಿ ಅವರಿಗಿಂತ ಮೊದಲೇ ಬಂದು ಮುಟ್ಟಿತ್ತು. ಯಾರೂ 'ಪಾತ್ರಿಯವರೇ' ಎನ್ನಲಿಲ್ಲ. ಬೇರೇನೆಂದು ಕರೆಯಬೇಕೆಂದು ತೋಚದೆ ಎಲ್ಲರೂ ಸುಮ್ಮನೆ ದಾರಿ ಬಿಟ್ಟರು. ಪೂವಪ್ಪ ನೆಲ ನೋಡುತ್ತ ನಡೆದ.

ಕಿನ್ನಿ ಗಂಜಿ ಬಿಸಿ ಮಾಡಿದಳು, ಉಪ್ಪಿನಕಾಯಿ ತೆಗೆದಳು. ಅವನು ಅಡುಗೆಮನೆಯಲ್ಲಿ ಎಲ್ಲರ ನಡುವೆ ಕೂತ. ಬಟ್ಟಲಿಗೆ ಕೈ ಹಾಕಿದ. ಬೆರಳು ಮಡಚಲಿಲ್ಲ. ಇನ್ನೊಮ್ಮೆ ನೋಡಿದ. ಐದೂ ಬೆರಳು ಮರದಂತೆ ಸೆಟೆದು ನಿಂತಿದ್ದವು, ಗಂಜಿಯ ಅಗುಳು ಅವುಗಳ ಸಂದಿನಿಂದ ಜಾರಿತು.

ಗಂಡ ಹೆಂಡತಿ ಇಬ್ಬರೂ ಆ ಕೈಯನ್ನು ನೋಡಿದರು. ಇವತ್ತು ದರ್ಶನವಾಗಿರಲಿಲ್ಲ, ಪಿಂಗಾರವನ್ನು ಅವನು ಮುಟ್ಟಿರಲೂ ಇಲ್ಲ. ಕಿನ್ನಿ ಅವನ ಪಕ್ಕ ಕೂತು, ಇಪ್ಪತ್ತೆರಡು ವರ್ಷದ ಅಭ್ಯಾಸದಂತೆ ಗಂಜಿ ಕಲಸಿದಳು.

"ಒಳಗೆ ಹೋಗುವಾ?" ಎಂದಳು ಮೆಲ್ಲಗೆ. 

"ಬೇಡ. ಇಲ್ಲೇ ಆಗಬಹುದು." ಬಾವಿಕಟ್ಟೆಯ ಜಗಳದ ನಂತರ ಅವನು ಅವಳಿಗೆ ಆಡಿದ ಮೊದಲ ಮಾತು ಅದು.

ವಾರಿಜ ಕಣ್ಣರಳಿಸಿ ನೋಡುತ್ತಿದ್ದಳು. "ಅಪ್ಪನ ಕೈಗೆ ಎಂತ ಆಯ್ತು?" ಎಂದು ಗಾಬರಿಯಿಂದ ಹತ್ತಿರ ಬಂದಳು.

"ಏನಿಲ್ಲ, ಸಂಜೆಗೆ ಸರಿಯಾಗ್ತದೆ," ಎಂದು ಕಿನ್ನಿ ಚಮಚವನ್ನು ಮಗಳ ಕೈಗೆ ಕೊಟ್ಟಳು. ಎದ್ದು ಹೋಗಿ ಅಕ್ಕಿ ಡಬ್ಬಿಯ ಅಡಿಯಿಂದ ಫಾರ್ಮು, ಕತ್ತರಿ ಎರಡನ್ನೂ ತಂದು ನೆಲದ ಮೇಲಿಟ್ಟಳು. ಕಾಗದದ ಒಂದು ಮೂಲೆ ಒಲೆಯ ಬಿಸಿಗೆ ಕಂದಾಗಿತ್ತು.

ವಾರಿಜ ಅಪ್ಪನಿಗೆ ನಾಲ್ಕು ಚಮಚ ಗಂಜಿ ಕುಡಿಸಿದಳು. ಅವಳ ಕೆನ್ನೆ ಒದ್ದೆಯಾಗಿತ್ತು. ಐದನೆಯದಕ್ಕೆ ಅವನು ಮುಖ ತಿರುಗಿಸಿ ಕಾಗದವನ್ನು ನೋಡಿದ.

"ಬೆಂಗಳೂರಿನಲ್ಲಿ ಪಿಂಗಾರ ಸಿಗ್ತದಾ?"

"ಗೊತ್ತಿಲ್ಲ ಅಪ್ಪ."

"ಸಿಕ್ಕಿದ್ರೂ ಅದೊಂದು ಬಿಟ್ಟುಬಿಡು."

"ಬಿಟ್ಟೆ ಅಪ್ಪ. ಅವತ್ತೇ ಬಿಟ್ಟೆ."

"ಸೈ ಎಲ್ಲಿ ಹಾಕಬೇಕು?"

"ಕೈ ಸರಿಯಾದ ಮೇಲೆ ನಾಳೆ ಹಾಕಿ," ಎಂದ ಮೋಹನದಾಸ.

"ನಾಳೆ ಬೇಡ. ನಾಳೆ ನನಗೆ ಪುನಃ ಸಿಟ್ಟು ಬಂದೀತು," ಎಂದ ಪೂವಪ್ಪ. "ಶಾಯಿ ತಗೊಂಡು ಬಾ."

ಮೋಹನದಾಸ ಶಾಯಿಯ ಬಾಟ್ಲಿ ತಂದು ಅಪ್ಪನ ಹೆಬ್ಬೆರಳಿಗೆ ಸವರಿದ. ಮಡಚದ ಆ ಬೆರಳನ್ನು ವಾರಿಜ ಎರಡೂ ಕೈಯಲ್ಲಿ ಹಿಡಿದು, ಕಾಗದದ ಕೆಳಗೆ ಗೆರೆ ಎಳೆದಿದ್ದ ಜಾಗಕ್ಕೆ ತಂದು ಒತ್ತಿದಳು.

"ಆಯ್ತಾ? ಸೈ ಹಾಕಿದ್ನಾ?" ದೇಯಿ ಗೋಡೆಯ ಬಳಿಯಿಂದ ಕೇಳಿದಳು.

"ಹೆಬ್ಬೆಟ್ಟು ಒತ್ತಿದ್ರು, ಮಾಮಿ," ಎಂದಳು ಕಿನ್ನಿ.

"ಐದನೇ ಕ್ಲಾಸು ಓದಿಸಿದ್ದೆ ನಾನು," ಎಂದು ದೇಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಿನ್ನಿ ಒದ್ದೆ ಬಟ್ಟೆ ತಂದು ಗಂಡನ ಹೆಬ್ಬೆರಳಿನ ಶಾಯಿಯನ್ನು ಒರೆಸತೊಡಗಿದಳು.